ನೀಲಕ್ಕನ ಮೂಗು

ಕಂಪ್ಲಿಯಲ್ಲಿ ಮಂಡಕ್ಕಿ ವ್ಯಾಪಾರ ಮಾಡುವವರನ್ನು ಯಾರನ್ನು ಬೇಕಾದರೂ ಕೇಳಿ, ನಮ್ಮ ಅಕ್ಕ ನೀಲಗಂಗಮ್ಮನ ಮೂಗಿನ ಬಗ್ಗೆ ಹೇಳುತ್ತಾರೆ. ಅಕ್ಕ ಭಟ್ಟಿಯ ಪಕ್ಕ ಕೂತರೆ ಒಂದು ಕಾಳೂ ಕೆಂಪಾಗುವುದಿಲ್ಲ, ಅಕ್ಕಿ ಹುರಿಯುವ ಮರಳು ಹದ ಮೀರುವ ಮೊದಲೇ ಅವಳ ಮೂಗಿಗೆ ಸುದ್ದಿ ಮುಟ್ಟುತ್ತದೆ ಎಂದು ಹೊಸಪೇಟೆ, ಸಂಡೂರು, ದರೋಜಿಯ ಅಂಗಡಿಗಳಲ್ಲೆಲ್ಲ ಕೊಚ್ಚಿಕೊಂಡು ಬಂದವನು ನಾನೇ. ಚೀಲದ ಮೇಲೆ ಅವಳ ಹೆಸರು ಹಾಕಿಸಿದವನೂ ನಾನೇ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಯಾಕೆಂದು ಮೊದಲಿನಿಂದ ಹೇಳುತ್ತೇನೆ. ನಡುನಡುವೆ ನಾನು ಒಳ್ಳೆಯವನಾಗಲು ನೋಡಿದರೆ ನಂಬಬೇಡಿ, ಅದು ನನ್ನ ಹಳೆಯ ಚಟ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಎರಡು ವರ್ಷದ ಕೂಸಿದ್ದಾಗ ಅವಳಿಗೆ ಜ್ವರ ನೆತ್ತಿಗೇರಿ, ಅರ್ಧ ಗಂಟೆ ಮೈ ಸೆಟೆದುಕೊಂಡು ಬಿದ್ದಿದ್ದಳಂತೆ. ಉಳಿದದ್ದೇ ಹೆಚ್ಚು ಎಂದು ಅವ್ವ ಹೇಳುತ್ತಿದ್ದಳು. ಆಮೇಲೆ ಅವಳು ಯಾವತ್ತೂ ಹಾಗೆ ಬೀಳಲಿಲ್ಲ. ಆದರೆ ಆಗಾಗ, ಕಸ ಗುಡಿಸುತ್ತಲೋ ನೀರು ಹೊರುತ್ತಲೋ ಇದ್ದವಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು. ಕಣ್ಣು ಎಲ್ಲೋ ಇರುತ್ತಿತ್ತು. ಬಾಯಿ ಏನೋ ತಿನ್ನುವವಳಂತೆ ಚಪ್ಪರಿಸುತ್ತಿರುತ್ತಿತ್ತು, ಬೆರಳುಗಳು ಲಂಗದ ಅಂಚನ್ನು ಹಿಸುಕುತ್ತಿರುತ್ತಿದ್ದವು. ಕರೆದರೆ ಓ ಎನ್ನುತ್ತಿರಲಿಲ್ಲ. ಒಂದು ನಿಮಿಷವಾದ ಮೇಲೆ ಮತ್ತೆ ತನ್ನ ಪಾಡಿಗೆ ಕಸ ಗುಡಿಸುತ್ತಿದ್ದಳು. ನಾವೆಲ್ಲ ಅದನ್ನು ಅವಳ ಮಂಕು ಎಂದುಕೊಂಡಿದ್ದೆವು.

ಆ ಮಂಕಿನಿಂದ ನನಗೆ ಲಾಭವಿತ್ತು. ಮನೆಯಲ್ಲಿ ಬೆಲ್ಲದ ಗಡಿಗೆಗೆ ಕೈ ಹಾಕುತ್ತಿದ್ದವನು ನಾನು. ಬೆಲ್ಲ ಕಡಿಮೆಯಾದದ್ದು ಕಂಡು ಅವ್ವ ಸುತ್ತ ನೋಡಿದರೆ, ಬಾಯಿ ಆಡಿಸುತ್ತ ನಿಂತವಳು ಅಕ್ಕ. ಏನು ತಿನ್ನುತ್ತಿದ್ದೀ ಎಂದರೆ ಉತ್ತರವಿಲ್ಲ. ಅವ್ವನ ಕೈ ಭಾರಿ ಚುರುಕು, ಕಪಾಳಕ್ಕೆ ಬಿದ್ದೇ ಬಿಡುತ್ತಿತ್ತು. ಏಟು ಬಿದ್ದ ಮೇಲೂ ಅಕ್ಕ ಯಾಕೆ ಬಿತ್ತೆಂದು ತಿಳಿಯದೆ ಅವ್ವನ ಮುಖ ನೋಡುತ್ತಿದ್ದಳು. ನಾನು ಹಿತ್ತಲಲ್ಲಿ ನಿಂತು ಬಾಯಿ ಒರೆಸಿಕೊಳ್ಳುತ್ತಿದ್ದೆ. ಇದು ಒಂದು ಸಲದ ಮಾತಲ್ಲ, ವರ್ಷಗಟ್ಟಲೆ ನಡೆಯಿತು.

ಹತ್ತೊಂಬತ್ತಕ್ಕೆ ಅವಳನ್ನು ಮರಿಯಮ್ಮನಹಳ್ಳಿಗೆ ಕೊಟ್ಟರು. ಗಂಡ ಕೊಟ್ರಯ್ಯನದು ಎರಡು ಲಾರಿ, ಸಂಡೂರಿನ ಗಣಿಗೆ ಓಡಿಸುತ್ತಿದ್ದ. ಮನೆಯಲ್ಲಿ ಅವನ ತಾಯಿ ರೇಣುಕಮ್ಮನದೇ ಕಾರುಬಾರು. ಮೂರು ವರ್ಷದ ಮೇಲೆ ಅಲ್ಲಿಂದ ಹೇಳಿಕೆ ಬಂತು. ಸೊಸೆ ಕದ್ದು ತಿನ್ನುತ್ತಾಳೆ. ಶೇಂಗಾ, ಬೆಲ್ಲ, ಕೊಬ್ಬರಿ, ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ, ಯಾವಾಗ ನೋಡಿದರೂ ಬಾಯಿ ಆಡುತ್ತಿರುತ್ತದೆ, ಕೇಳಿದರೆ ಮಿಕಮಿಕ ನೋಡುತ್ತ ನಿಲ್ಲುತ್ತಾಳೆ. ಅಪ್ಪನಿಗೆ ಒಬ್ಬನೇ ಹೋಗಲು ಮುಖವಿರಲಿಲ್ಲ, ನನ್ನನ್ನೂ ಕರೆದುಕೊಂಡು ಹೋದ. ಅವರ ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು ಕೂತಿದ್ದರು. ಅಕ್ಕ ಒಳಗೆ ಅಡುಗೆ ಮನೆಯಲ್ಲಿದ್ದಳು.

ಅವತ್ತು ರೇಣುಕಮ್ಮ ನೇರ ನನ್ನನ್ನೇ ಕೇಳಿದಳು. ಒಟ್ಟಿಗೆ ಬೆಳೆದವನು ನೀನು, ಈ ಚಟ ಮೊದಲಿಂದ ಇತ್ತೋ, ನಮ್ಮಲ್ಲಿಗೆ ಬಂದ ಮೇಲೆ ಹತ್ತಿದ್ದೋ, ನೀನೇ ಹೇಳು ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ನೆಲ ನೋಡುತ್ತಿದ್ದ. ನನಗೆ ಹತ್ತೊಂಬತ್ತು ವರ್ಷ, ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು. ಬೆಲ್ಲ ತಿಂದವನು ನಾನು ಎಂದು ನಾಲ್ಕು ಜನರ ಮುಂದೆ ಹೇಳುವ ಮಾತಂತೂ ಗಂಟಲಿಗೂ ಬರಲಿಲ್ಲ. "ಹೌದ್ರಿ, ಸಣ್ಣಾಕಿದ್ದಾಗಿಂದ ಐತಿ" ಎಂದುಬಿಟ್ಟೆ.

ಅಲ್ಲಿಗೆ ಮುಗಿಯಿತು. ಹಿರಿಯರು ಸಂಬಂಧ ಬಿಡಿಸಿಕೊಟ್ಟರು. ಬಸ್ಸಿನಲ್ಲಿ ಅಕ್ಕ ಹಿಂದಿನ ಸೀಟಿನಲ್ಲಿ ಟ್ರಂಕು ಹಿಡಿದುಕೊಂಡು ಕೂತಿದ್ದಳು, ನಾನು ಅವಳ ಪಕ್ಕ ಕೂರಲಿಲ್ಲ. ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ ಮಾತ್ರ, ತಿನ್ನೋ ಆಸೆ ಅಷ್ಟಿದ್ದರೆ ಕೇಳಿ ತಿನ್ನಬೇಕಿತ್ತು ಎಂದು ಬೈದೆ. ಬೈಯುವ ಧೈರ್ಯ ನನಗೆ ಎಲ್ಲಿಂದ ಬಂತೋ. ನಾನು ಪಡಸಾಲೆಯಲ್ಲಿ ಹೇಳಿದ್ದು ಅವಳಿಗೆ ಗೊತ್ತಿಲ್ಲ ಎಂದೇ ನಾನು ಮೂವತ್ತು ವರ್ಷ ನಂಬಿಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ನಾನು ಕೋಟೆ ರಸ್ತೆಯ ಹಿಂದೆ ಮಂಡಕ್ಕಿ ಭಟ್ಟಿ ಹಾಕಿದೆ. ಕಂಪ್ಲಿಯಲ್ಲಿ ಭತ್ತಕ್ಕೆ ಬರವಿಲ್ಲ, ಉರಿಸಲು ಹೊಟ್ಟಿಗೂ ಬರವಿಲ್ಲ. ಉಪ್ಪು ನೀರು ಕುಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವುದರಲ್ಲಿ ಅರಳುತ್ತದೆ. ಬೆಂಕಿ ಒಂದಿಷ್ಟು ಹೆಚ್ಚಾದರೆ ಕೆಂಪು, ಇನ್ನಿಷ್ಟು ಹೆಚ್ಚಾದರೆ ಕರಿ. ಬೆಂಕಿ ನೋಡಿಕೊಳ್ಳಲು ಎರ್ರಿಯಪ್ಪ, ಜರಡಿ ಹಿಡಿಯಲು ಲಕ್ಷ್ಮೀ. ಮೊದಲ ಎರಡು ತಿಂಗಳು ನಮ್ಮ ಮಾಲು ಅರ್ಧಕ್ಕರ್ಧ ಕೆಂಪಾಗಿ, ಹೋಟೆಲಿನವರು ಮುಖಕ್ಕೆ ಹೊಡೆದಂತೆ ಚೀಲ ವಾಪಸು ಕಳಿಸುತ್ತಿದ್ದರು.

ಒಂದು ದಿನ ಅಕ್ಕ ಬುತ್ತಿ ತಂದವಳು ಭಟ್ಟಿಯ ಪಕ್ಕ ನಿಂತು ಮೂಗು ಅರಳಿಸಿ "ಸೀದೈತಿ" ಎಂದಳು. ಎರ್ರಿಯಪ್ಪ ಗಾಬರಿಯಾಗಿ ಹೊಟ್ಟು ಹಿಂದಕ್ಕೆಳೆದ. ಅಷ್ಟರಲ್ಲಿ ಅಕ್ಕನ ಬಾಯಿ ಚಪ್ಪರಿಸತೊಡಗಿತ್ತು, ಬೆರಳು ಸೆರಗನ್ನು ಹೊಸಕುತ್ತಿದ್ದವು. ರುಚಿ ನೋಡುತ್ತಿದ್ದಾಳೆ, ಕಾಳಿನ ಹದ ನೋಡುತ್ತಿದ್ದಾಳೆ ಎಂದು ಎರ್ರಿಯಪ್ಪ ದೊಡ್ಡ ಮರ್ಯಾದೆಯಿಂದ ಹೇಳಿದ. ಆ ಸಲದ ಮಂಡಕ್ಕಿ ಮಲ್ಲಿಗೆಯಷ್ಟು ಬೆಳ್ಳಗೆ ಬಂತು. ಮಾರನೆಯ ದಿನವೇ ನಾನು ಭಟ್ಟಿಯ ಪಕ್ಕ ಅವಳಿಗೊಂದು ಸ್ಟೂಲು ಹಾಕಿಸಿದೆ.

ಇಪ್ಪತ್ತೊಂದು ವರ್ಷ ಅವಳು ಆ ಸ್ಟೂಲಿನ ಮೇಲೆ ಕೂತಳು. ಅವಳು ಸೀದೈತಿ ಎಂದಾಗಲೆಲ್ಲ ಎರ್ರಿಯಪ್ಪ ಬೆಂಕಿ ತಗ್ಗಿಸುತ್ತಿದ್ದ, ಹಾಗಾಗಿ ಮರಳು ಎಂದೂ ಮಿತಿ ಮೀರಿ ಕಾಯುತ್ತಿರಲಿಲ್ಲ. ಬೆಂಕಿ ತಗ್ಗಿಸಿಟ್ಟರೆ ಯಾರ ಮಂಡಕ್ಕಿಯಾದರೂ ಬೆಳ್ಳಗೇ ಬರುತ್ತದೆ, ಕೆಲಸ ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ. ಶ್ರಾವಣದಲ್ಲಿ ಬೇಡಿಕೆ ಹೆಚ್ಚಿ, ಬೆಳಗಿನ ನಾಲ್ಕಕ್ಕೇ ಭಟ್ಟಿ ಹಚ್ಚುತ್ತಿದ್ದೆವು. ನಿದ್ದೆಗೆಟ್ಟ ಆ ದಿನಗಳಲ್ಲಿ ಅಕ್ಕ ದಿನಕ್ಕೆ ನಾಲ್ಕು ಸಲ, ಐದು ಸಲ ಸೀದೈತಿ ಎನ್ನುತ್ತಿದ್ದಳು. ಈಗ ಮೂಗು ಇನ್ನೂ ಹರಿತವಾಗಿದೆ ಎಂದು ನಾನು ಹಿಗ್ಗುತ್ತಿದ್ದೆ. ಹೊಸಪೇಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಮಾರುವ ಹೋಟೆಲುಗಳಲ್ಲಿ ನೀಲಕ್ಕನ ಮಂಡಕ್ಕಿಯೇ ಬೇಕು ಎನ್ನುವ ಕಾಲ ಬಂತು. ನಾನು ಮನೆ ಕಟ್ಟಿಸಿದೆ, ಮಗಳು ಪೂಜಿತಾಳನ್ನು ಓದಿಸಿದೆ. ಎಲ್ಲ ಅಕ್ಕನ ಮೂಗಿನ ಪುಣ್ಯ ಎಂದು ಬಂದವರ ಮುಂದೆ ಹೇಳುತ್ತಿದ್ದೆ, ಅವಳು ಕೇಳಿ ನಗುತ್ತಿದ್ದಳು.

ಎರಡು ವರ್ಷದ ಹಿಂದೆ, ದಸರೆಗೆ ನಾಲ್ಕು ದಿನವಿದ್ದಾಗ, ಅಕ್ಕ ಸೀದೈತಿ ಎಂದವಳೇ ಸ್ಟೂಲಿನಿಂದ ಎದ್ದು ಬಲಗೈಯನ್ನು ಕಾದ ಮರಳಿನೊಳಗೆ ಇಟ್ಟುಬಿಟ್ಟಳು. ಕೂಗಲಿಲ್ಲ, ಕೈ ಹಿಂದೆ ತೆಗೆಯಲಿಲ್ಲ. ಬಾಯಿ ಚಪ್ಪರಿಸುತ್ತಲೇ ಇತ್ತು. ನಾನು ಎದುರಿಗೇ ನಿಂತಿದ್ದೆ. ಮರಳು ಎಷ್ಟು ಕಾದಿದೆಯೋ ಮುಟ್ಟಿ ನೋಡುತ್ತಿದ್ದಾಳೆ ಎಂದುಕೊಂಡು, ಬೆಂಕಿ ತಗ್ಗಿಸೋ ಎಂದು ಎರ್ರಿಯಪ್ಪನಿಗೆ ಕೂಗಿದೆ. ಅವನು ಬೆಂಕಿ ಬಿಟ್ಟು ಹಾರಿ ಬಂದು ಅವಳ ಕೈ ಎಳೆದ. ಅಂಗೈ ಪೂರ ಬೆಂದಿತ್ತು. ಒಂದು ನಿಮಿಷದ ಮೇಲೆ ಅವಳಿಗೆ ಮೈಮೇಲೆ ಎಚ್ಚರ ಬಂದು ನೋವು ಗೊತ್ತಾಯಿತು. ಆಗ ಅವಳು ಕೂಗಿದ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಕೈಗೆ ಪಟ್ಟಿ ಕಟ್ಟಿದ ಹೊಸಪೇಟೆಯ ಡಾಕ್ಟರು, ಸುಡುವುದು ಗೊತ್ತಾಗಲಿಲ್ಲ ಅಂದರೆ ಇದು ಕೈಯ ರೋಗವಲ್ಲ ಎಂದು ನರರೋಗದ ಡಾಕ್ಟರ ಬಳಿ ಕಳಿಸಿದರು. ಆಕೆಯ ಹೆಸರು ಅರ್ಚಿತಾ, ಹೊಸಪೇಟೆಯ ಆಚಾರ್ಯರ ಮನೆಯ ಹುಡುಗಿ, ವಾರಕ್ಕೆರಡು ದಿನ ಕೂರುತ್ತಾರೆ. ನಾನು ಎಂದಿನಂತೆ ಅಕ್ಕನ ಪರವಾಗಿ ಮಾತು ಶುರುಮಾಡಿದೆ. ಡಾಕ್ಟರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು.

"ಅವರು ಹೇಳೂದು ಬ್ಯಾಡ್ರಿ ಅಮ್ಮ. ಕುಂದ್ರಿ. ನಿಮಗ ಏನೇನ್ ಆಗತೈತಿ, ನೀವ ಹೇಳ್ರಿ."

ಐವತ್ತು ವರ್ಷದಲ್ಲಿ ಅಕ್ಕನನ್ನು ಯಾರಾದರೂ ಹೀಗೆ ಕೇಳಿದ್ದು ಅದೇ ಮೊದಲು. ಅವಳು ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. ಮೊದಲು ಹೊಟ್ಟೆಯಿಂದ ಏನೋ ಮೇಲೆದ್ದು ಬರುತ್ತದೆ, ಆಮೇಲೆ ಸೀದ ವಾಸನೆ, ಆಮೇಲೆ ಏನೂ ಗೊತ್ತಿರುವುದಿಲ್ಲ. ಇಷ್ಟನ್ನು ಹೇಳಲು ಅವಳಿಗೆ ಎರಡು ನಿಮಿಷ ಸಾಕಾಯಿತು. ಅದು ಫಿಟ್ಸ್ ಎಂದರು ಡಾಕ್ಟರು. ಬಿದ್ದು ಒದ್ದಾಡುವುದೊಂದೇ ಫಿಟ್ಸ್ ಅಲ್ಲ, ಹೀಗೂ ಬರುತ್ತದೆ, ಕೂಸಿದ್ದಾಗ ಬಂದ ಜ್ವರ ಮೆದುಳಿನಲ್ಲಿ ಒಂದು ಕಲೆ ಬಿಟ್ಟು ಹೋಗಿರಬೇಕು, ಬಾಯಿ ಚಪ್ಪರಿಸುವುದೂ ಬೆರಳು ಹಿಸುಕುವುದೂ ಅದರದ್ದೇ ಎಂದರು. ನನಗೆ ಬೆಲ್ಲದ ಗಡಿಗೆ ನೆನಪಾಯಿತು, ಮರಿಯಮ್ಮನಹಳ್ಳಿಯ ಪಡಸಾಲೆ ನೆನಪಾಯಿತು.

ಅಕ್ಕ ಕೇಳಿದ್ದು ಮಾತ್ರ ವಾಸನೆಯ ಬಗ್ಗೆ. ಇಲ್ಲದ ವಾಸನೆ ಮೂಗಿಗೆ ಹೇಗೆ ಬರುತ್ತದೆ ಎಂದಳು. ಆಗ ಡಾಕ್ಟರು ಕೆನಡಾ ದೇಶದ ಒಬ್ಬ ಶಸ್ತ್ರವೈದ್ಯರ ಕಥೆ ಹೇಳಿದರು. ವೈಲ್ಡರ್ ಪೆನ್‌ಫೀಲ್ಡ್ ಎಂದು ಹೆಸರು. ಹುಟ್ಟಿದ್ದು ಅಮೆರಿಕದಲ್ಲಿ, ನೆಲೆ ನಿಂತದ್ದು ಮಾಂಟ್ರಿಯಲ್ ಎಂಬ ಊರಿನಲ್ಲಿ. ಮೆದುಳಿಗೆ ತನ್ನ ನೋವು ತನಗೆ ಗೊತ್ತಾಗುವುದಿಲ್ಲವಂತೆ. ಅದಕ್ಕೆ ಅವರು ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಸೂಜಿ ಕೊಟ್ಟು, ಬುರುಡೆ ತೆರೆದು, ರೋಗಿ ಎಚ್ಚರವಾಗಿರುವಾಗಲೇ ಮೆದುಳಿನ ಒಂದೊಂದು ಜಾಗಕ್ಕೆ ಸಣ್ಣ ಕರೆಂಟು ತಾಗಿಸಿ, ಈಗ ಏನಾಯಿತು ಎಂದು ಕೇಳುತ್ತಿದ್ದರಂತೆ. ಒಬ್ಬರಿಗೆ ಹೆಬ್ಬೆರಳು ಜುಮ್ಮೆನ್ನುತ್ತಿತ್ತು, ಒಬ್ಬರಿಗೆ ಎಂದೋ ಕೇಳಿದ ಹಾಡು ಕೇಳಿಸುತ್ತಿತ್ತು. ಬ್ರೆಡ್ಡು ಸೀದ ವಾಸನೆ ಬರುತ್ತಿದೆ ಎಂದ ಹೆಂಗಸಿನ ಕಥೆಯಂತೂ ಆ ದೇಶದಲ್ಲಿ ಮನೆಮಾತಂತೆ. ಹಾಗೆ ನೂರಾರು ಜನರನ್ನು ಕೇಳಿ ಕೇಳಿ ಅವರು ಮೆದುಳಿನ ನಕ್ಷೆ ಬರೆದರು, ನಾವು ಇವತ್ತಿಗೂ ಅದೇ ದಾರಿ ಹಿಡಿದು ಹೋಗುತ್ತೇವೆ ಎಂದು ಡಾಕ್ಟರು ಚೀಟಿಯ ಹಿಂದೆ ಒಂದು ಚಿತ್ರ ಗೀಚಿ ತೋರಿಸಿದರು. ದೊಡ್ಡ ದೊಡ್ಡ ಕೈ, ದಪ್ಪ ತುಟಿ, ಗುಬ್ಬಿ ಮೈಯ ಮನುಷ್ಯ. ಮೆದುಳು ಯಾವ ಅಂಗಕ್ಕೆ ಎಷ್ಟು ಜಾಗ ಕೊಟ್ಟಿದೆ ಎನ್ನುವ ಲೆಕ್ಕವಂತೆ ಅದು. ಅಕ್ಕ ಆ ಚಿತ್ರ ನೋಡಿ ನಕ್ಕಳು. ಚೀಟಿಯನ್ನು ಮಡಿಸಿ ಕುಪ್ಪಸದಲ್ಲಿಟ್ಟುಕೊಂಡಳು.

ಒಂದು ವರ್ಷ ಎರಡು ಬಗೆಯ ಮಾತ್ರೆ ನುಂಗಿದಳು. ವಾಸನೆ ನಿಲ್ಲಲಿಲ್ಲ. ಬೆಂಗಳೂರಿಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬಂದೆವು. ಕಲೆ ಎಡಗಡೆ, ಮಾತಿನ ಜಾಗದ ಹತ್ತಿರವೇ ಇದೆ, ತೆಗೆಯಬಹುದು ಎಂದರು ಅರ್ಚಿತಾ. ಬೆಂಗಳೂರಿನಲ್ಲಿ ಆ ಕೆನಡಾದವರ ದಾರಿಯಲ್ಲೇ ಮಾಡುತ್ತಾರೆ, ನಡುವೆ ಎಚ್ಚರ ಮಾಡಿ ಮಾತಾಡಿಸುತ್ತಿರುತ್ತಾರೆ, ಮಾತಿಗೆ ಧಕ್ಕೆಯಾಗದಂತೆ ನೋಡಿಕೊಂಡು ಕಲೆ ತೆಗೆಯುತ್ತಾರೆ. ಗುಣವಾಗುವ ಸಂಭವ ಚೆನ್ನಾಗಿದೆ, ಬಿಟ್ಟರೆ ಮುಂದಿನ ಸಲ ಕೈಯಲ್ಲ, ಮೈಯೇ ಬೆಂಕಿಗೆ ಬೀಳಬಹುದು ಎಂದು ನೇರವಾಗಿ ಹೇಳಿದರು. ಏನಾದರೂ ಕೇಳುವುದಿದೆಯೇ ಎಂದು ನನ್ನ ಕಡೆ ನೋಡಿದರು.

ಕೇಳಬೇಕಾದದ್ದು ಎಷ್ಟೋ ಇತ್ತು. ಜೀವಕ್ಕೆ ಅಪಾಯವೇ, ಎಷ್ಟು ದಿನ ಮಲಗಬೇಕು, ನಾನು ಏನು ಮಾಡಬೇಕು. ಅಕ್ಕ ಪಕ್ಕದಲ್ಲೇ ಕೂತಿದ್ದಳು, ಸುಟ್ಟ ಕೈ ಮಡಿಲಲ್ಲಿತ್ತು. ನಾನು ಕೇಳಿದ್ದು ಇದು:

"ಆಪರೇಷನ್ ಆದ ಮ್ಯಾಲ ಆಕಿ ಮೂಗು ಮೊದಲಿನಂಗ ಇರತೈತೇನ್ರಿ ಮೇಡಂ? ನಮ್ಮ ಭಟ್ಟಿಗೆ ಅದ ಆಧಾರ."

ಡಾಕ್ಟರು ನನ್ನನ್ನು ನೋಡಿದ ನೋಟ ಬೇಡ. ಆ ವಾಸನೆ ಮೂಗಿನದ್ದಲ್ಲ, ರೋಗದ್ದು, ರೋಗದ ಜೊತೆಗೇ ಹೋಗುತ್ತದೆ ಎಂದರು. ನಾನು ತಲೆಯಾಡಿಸಿದೆ. ಒಂದು ವರ್ಷದಿಂದ ಅದನ್ನೇ ಹೇಳಿದ್ದರು, ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಇಳಿಯುವುದು ನನಗೆ ಬೇಕಾಗಿರಲಿಲ್ಲ.

ವಾಪಸು ಬರುವಾಗ ಅಕ್ಕ ಹಂಪಿಗೆ ಹೋಗಿ ಹೋಗೋಣ ಎಂದಳು. ವಿರೂಪಾಕ್ಷನಿಗೆ ಕೈ ಮುಗಿದು ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಹೊಳೆಯಲ್ಲಿ ಪ್ರವಾಸಿಗರು ತೆಪ್ಪದಲ್ಲಿ ಕೂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಅಕ್ಕ ಅವರನ್ನೇ ನೋಡುತ್ತ, ಆಪರೇಷನ್ ಬೇಡ, ಇದ್ದಷ್ಟು ದಿನ ಹೀಗೇ ಇರುತ್ತೇನೆ, ಭಟ್ಟಿಯಿಂದ ನಾಲ್ಕು ಮಾರು ದೂರ ಸ್ಟೂಲು ಹಾಕು ಸಾಕು ಎಂದಳು. ನಾನು ಒಂದೆರಡು ಸಲ ಯಾಕೆ ಎಂದು ಕೇಳಿದೆ, ಬಾಯಿಮಾತಿಗೆ. ಒಳಗೆ ನನಗೆ ಹಗುರವಾಗಿತ್ತು. ಇಲ್ಲಿ ಬರೆಯದಿದ್ದರೆ ಯಾರಿಗೂ ಗೊತ್ತಾಗದ ಮಾತು ಇದು, ಆದರೂ ಬರೆಯುತ್ತೇನೆ.

ಮುಂದಿನ ವಾರ ಒಬ್ಬನೇ ಹೋಗಿ, ಅಕ್ಕ ಒಪ್ಪಲಿಲ್ಲ, ಹೆದರಿದ್ದಾಳೆ ಎಂದು ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಹೆದರಿಕಿ ಅಲ್ರಿ ಅದು. ನೀವು ಅವತ್ತು ಏನ್ ಕೇಳಿದ್ರಿ ಅಂತ ನಾನೂ ಕೇಳಿಸ್ಕೊಂಡೀನಿ, ಅವರೂ ಕೇಳಿಸ್ಕೊಂಡಾರ."

ಆಮೇಲೆ ಅವರು ಪೆನ್‌ಫೀಲ್ಡರ ಕಥೆಯ ಇನ್ನೊಂದು ತುಂಡು ಹೇಳಿದರು. ಅವರಿಗೂ ಒಬ್ಬ ಅಕ್ಕ ಇದ್ದಳಂತೆ, ರೂತ್ ಎಂದು. ಹುಡುಗಿಯಿದ್ದಾಗಿನಿಂದ ಅವಳಿಗೆ ಫಿಟ್ಸ್. ಮನೆಯವರು ಅದನ್ನು ಏನೋ ನರಗಳ ದೌರ್ಬಲ್ಯ ಎಂದುಕೊಂಡಿದ್ದರು. ಮುಂದೆ ನೋಡಿದರೆ ತಲೆಯಲ್ಲಿ ಗಡ್ಡೆ. ತಮ್ಮನೇ ಕತ್ತಿ ಹಿಡಿದು ಆಪರೇಷನ್ ಮಾಡಿದ. ಆಗ ಸಾವಿರದ ಒಂಬೈನೂರ ಇಪ್ಪತ್ತೆಂಟು. ಪೂರ್ತಿ ತೆಗೆಯಲಾಗಲಿಲ್ಲ. ಆ ಅಕ್ಕ ಮೂರು ವರ್ಷದೊಳಗೆ ತೀರಿಕೊಂಡಳು. ಆ ಸೋಲು ಅವರನ್ನು ಬಿಡಲಿಲ್ಲ, ಮೆದುಳಿನ ರೋಗಗಳಿಗೆಂದೇ ಒಂದು ದೊಡ್ಡ ಸಂಸ್ಥೆ ಕಟ್ಟಿಸಿದರು. ಎಂಬತ್ತೈದರವರೆಗೆ ಬದುಕಿದ್ದು, ಕೆಲಸ ಬಿಟ್ಟ ಮೇಲೂ ಬರೆಯುತ್ತಲೇ ಇದ್ದರಂತೆ. ಡಾಕ್ಟರು ನನಗೆ ಬುದ್ಧಿ ಹೇಳಲಿಲ್ಲ, ಇಷ್ಟು ಹೇಳಿ ಮುಂದಿನವರನ್ನು ಕರೆದರು. ಬುದ್ಧಿ ಹೇಳಿದ್ದರೆ ವಾದ ಮಾಡಬಹುದಿತ್ತು.

ಮಧ್ಯಾಹ್ನ ಭಟ್ಟಿ ಆರಿದ ಹೊತ್ತಿನಲ್ಲಿ ನಾನು ಅಕ್ಕನಿಗೆ ಆ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆ ಅಕ್ಕ ಆಪರೇಷನ್ ಆದ ಮೇಲೆ ಎದ್ದು ಮಾತಾಡಿದಳೇ ಎಂದು ಕೇಳಿದಳು. ಮಾತಾಡಿದಳಂತೆ, ಮನೆಗೆ ಹೋಗಿ ಮಕ್ಕಳ ಜೊತೆ ಇದ್ದಳಂತೆ ಎಂದೆ. ಆಮೇಲೆ ನಾನು, ಮೂಗಿನ ಮಾತು ಬಿಡು ಅಕ್ಕ, ಆ ಪ್ರಶ್ನೆ ನಾನು ಕೇಳಬಾರದಿತ್ತು ಎಂದೆ. ಅವಳು ಸುಟ್ಟ ಅಂಗೈಯ ಚರ್ಮವನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಿದ್ದಳು.

"ಒಂದ ದಿನಾನೂ ಸೀದಿದ್ದಿಲ್ಲ, ಮನೋಹರ. ನನಗ ಮೊದಲನೇ ವರ್ಷನ ಗೊತ್ತಾಗಿತ್ತು. ಆ ವಾಸನಿ ಮನ್ಯಾಗೂ ಬರ್ತಿತ್ತು, ಗುಡ್ಯಾಗೂ ಬರ್ತಿತ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಕೇಳುವಾಗಲೇ ಉತ್ತರ ನನಗೆ ಅರ್ಧ ಗೊತ್ತಿತ್ತು.

"ಯಾರಿಗೆ ಹೇಳ್ಲಿ? ಬಾಯಿ ಆಡಿಸಿದ್ದಕ್ಕ ಅಲ್ಲಿ ಕಳ್ಳಿ ಅಂದ್ರು. ಅದ ಬಾಯಿಗೆ ನೀ ಸ್ಟೂಲ್ ಹಾಕ್ಸಿದಿ. ಮೂಗು ಇಲ್ಲ ಅಂದ್ರ ನಾ ಈ ಮನ್ಯಾಗ ಯಾರು?"

ನೀನು ನಮ್ಮ ಅಕ್ಕ, ನಿನ್ನ ಮನೆ ಇದು ಎಂದೇನೋ ತಡವರಿಸಿದೆ. ಅವಳು ಆ ಮಾತಿಗೆ ಕಿವಿಗೊಡಲಿಲ್ಲ. ವರ್ಷದಿಂದ ಜೋಪಾನ ಮಾಡಿಟ್ಟಿದ್ದ ಡಾಕ್ಟರ ಆ ಚೀಟಿಯನ್ನು ಕುಪ್ಪಸದಿಂದ ತೆಗೆದು ನನ್ನ ಕೈಗಿಟ್ಟಳು. ಆಪರೇಷನ್ ಮಾಡಿಸಿಕೊಳ್ಳಲು ಒಪ್ಪುತ್ತೇನೆ, ಆದರೆ ಮೊದಲು ನೀನು ಮರಿಯಮ್ಮನಹಳ್ಳಿಗೆ ಹೋಗಿ ನಾನು ಕಳ್ಳಿಯಲ್ಲ ಎಂದು ಅತ್ತೆಗೆ ಹೇಳಿ ಬಾ, ಅತ್ತೆ ಬದುಕಿರುವಾಗಲೇ ಹೇಳಬೇಕು ಎಂದಳು. ಬೇರೇನೂ ಕೇಳಲಿಲ್ಲ.

ನಾನು ಮಾರನೆಯ ದಿನವೇ ಹೊರಟೆ. ದಾರಿಯುದ್ದಕ್ಕೂ ಅದಿರು ಲಾರಿಗಳ ಧೂಳು ಕುಡಿಯುತ್ತ, ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಕೊಟ್ರಯ್ಯ ಎರಡನೆಯ ಮದುವೆಯಾಗಿ ಮಕ್ಕಳು ಮರಿ ಮಾಡಿಕೊಂಡಿದ್ದ, ಅವತ್ತು ಸಂಡೂರಿಗೆ ಹೋಗಿದ್ದ. ರೇಣುಕಮ್ಮ ಅದೇ ಪಡಸಾಲೆಯಲ್ಲಿ ಕೂತಿದ್ದಳು. ಎಂಬತ್ತು ದಾಟಿದ್ದರೂ ಕಣ್ಣು ಕಿವಿ ಚುರುಕಾಗಿದ್ದವು, ನನ್ನ ಗುರುತು ಹಿಡಿದು ಕುಂದರು ಎಂದಳು. ನಾನು ಚೀಟಿ ತೆಗೆದು ಎಲ್ಲ ಹೇಳಿದೆ. ಫಿಟ್ಸ್ ಎಂದೆ, ಬಾಯಿ ಆಡುವುದು ಅದರಿಂದ ಎಂದೆ. ಹೇಳುತ್ತ ಹೇಳುತ್ತ ನನಗೆ ಆವೇಶ ಬಂತು. ರೋಗಿಯನ್ನು ಕಳ್ಳಿ ಎಂದು ಮನೆ ಬಿಡಿಸಿದಿರಿ, ನಿಮಗೆ ಒಳ್ಳೆಯದಾಗುತ್ತದೆಯೇ ಎಂದು ದನಿ ಏರಿಸಿದೆ. ಓಣಿಯ ಇಬ್ಬರು ಬಾಗಿಲಿಗೆ ಬಂದು ನಿಂತರು. ಅವರು ನಿಂತದ್ದು ನನಗೆ ಇನ್ನೂ ಹುರುಪು ಕೊಟ್ಟಿತು.

ಮುದುಕಿ ನಾನು ಮುಗಿಸುವವರೆಗೆ ಕಾದಳು.

"ನಾ ಅನುಮಾನ ಪಟ್ಟಿದ್ದು ಖರೆ ತಮ್ಮಾ. ಅದಕ್ಕ ನಿನ್ನ ಕೇಳಿದ್ದು. ಇಲ್ಲ ಅಂದಿದ್ರ ಇಟ್ಕೊಂತಿದ್ವಿ. ನೀನ ಹೌದು ಅಂದಿ."

ಬಾಗಿಲಲ್ಲಿದ್ದವರು ನನ್ನನ್ನು ನೋಡುತ್ತಿದ್ದರು. ಆಗಲಾದರೂ ಹೇಳಬಹುದಿತ್ತು. ಹೌದು, ಸುಳ್ಳು ಹೇಳಿದವನು ನಾನೇ, ಬೆಲ್ಲ ತಿಂದವನೂ ನಾನೇ ಎಂದು. ನಲವತ್ತೆಂಟು ವರ್ಷದವನು, ನಾಲ್ಕು ಊರಿಗೆ ಗೊತ್ತಿರುವವನು, ಚೀಟಿ ಮಡಿಸಿಕೊಂಡು ಎದ್ದು ಬಂದೆ. ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಕ್ಕೆ ಹಾಕಿಕೊಂಡು ಮತ್ತೆ ತೆಗೆದು ಹಾಕಿಕೊಂಡೆ. ಯಾರೂ ನಗಲಿಲ್ಲ.

ಕಂಪ್ಲಿಗೆ ಬಂದಾಗ ಅಕ್ಕ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು. ಹೇಳಿದೆಯಾ ಎಂದಳು. ಹೇಳಿದೆ ಎಂದೆ. ಅತ್ತೆ ಏನಂದಳು ಎಂದಳು. ತಪ್ಪಾಯಿತು ಅಂದಳು, ಕಣ್ಣೀರು ಹಾಕಿದಳು ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳುವ ನಾಲಿಗೆ ನನ್ನದು. ಅಕ್ಕ ಮೊರ ಕೆಳಗಿಟ್ಟಳು.

"ಆಕಿ ಯಾಕ ತಪ್ಪಾತು ಅಂತಾಳ? ಹೌದು ಅಂದಾಂವ ನೀನು. ಅವತ್ತು ಬಾಗಲ ಹಿಂದನ ನಿಂತಿದ್ದೆ ನಾನು. ಅಲ್ಲಿ ಹೋಗಿ ಅದನ್ನ ಹೇಳ್ತಿ ಅಂತ ಕಳಿಸಿದ್ದೆ."

ಮೂವತ್ತು ವರ್ಷ. ಮೂವತ್ತು ವರ್ಷ ಅವಳು ನನಗೆ ಅನ್ನ ಬಡಿಸಿದ್ದಳು, ನನ್ನ ಮಗಳನ್ನು ಎತ್ತಿ ಆಡಿಸಿದ್ದಳು, ನನ್ನ ಬೆಂಕಿಯ ಮುಂದೆ ಕೂತಿದ್ದಳು, ಎಲ್ಲ ಗೊತ್ತಿದ್ದೂ. ನಾನು ಅಲ್ಲೇ ಅಂಗಳದಲ್ಲಿ ಕೂತು ತಪ್ಪಾಯಿತು ಎಂದೆ. ಹೇಳಬೇಕಾದ ಜಾಗದಲ್ಲಿ ಹೇಳದೆ ಬಂದ ಮಾತು ಇಲ್ಲಿ ಬಂತು. ಅವಳು ಪರವಾಗಿಲ್ಲ ಎನ್ನಲಿಲ್ಲ. ಬೈಯಲೂ ಇಲ್ಲ. ಡಾಕ್ಟರಿಗೆ ಫೋನ್ ಹಚ್ಚು, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಳು.

ನನಗೆ ಹೋದ ಜೀವ ಬಂದಂತಾಯಿತು. ಭಟ್ಟಿ ಒಂದು ತಿಂಗಳು ಮುಚ್ಚುತ್ತೇನೆ, ಜೊತೆಗೆ ನಾನೇ ಬರುತ್ತೇನೆ, ಆಪರೇಷನ್ ಮುಗಿಯುವವರೆಗೆ ಬಾಗಿಲಲ್ಲೇ ಕೂತಿರುತ್ತೇನೆ ಎಂದೆ. ಆ ಕೆನಡಾದ ತಮ್ಮನಷ್ಟಲ್ಲದಿದ್ದರೂ ಬಾಗಿಲು ಕಾಯುವಷ್ಟು ಯೋಗ್ಯತೆ ಉಳಿದಿದೆ ಎಂದುಕೊಂಡಿದ್ದೆ.

"ನೀ ಬರಬ್ಯಾಡ. ಲಕ್ಷ್ಮೀ ಬರ್ತಾಳ. ಅಲ್ಲಿ ಎಚ್ಚರ ಇದ್ದು ಮಾತಾಡ್ಬೇಕಂತ. ಹೊರಗ ನೀ ಕುಂತಿ ಅಂದ್ರ ನಾ ಮತ್ತ ನಿನಗ ಬೇಕಾದ್ದನ್ನ ಮಾತಾಡ್ತೀನಿ."

ಜರಡಿ ಹಿಡಿಯುವ ಲಕ್ಷ್ಮೀಯೇ ಹೋದಳು. ನಾನು ಹೊಸಪೇಟೆ ಸ್ಟೇಷನ್ನಿನವರೆಗೆ ಚೀಲ ಹೊತ್ತುಕೊಟ್ಟೆ. ಆಸ್ಪತ್ರೆಯ ಕಾಗದದಲ್ಲಿ ಜವಾಬ್ದಾರಿ ಯಾರು ಎನ್ನುವ ಜಾಗದಲ್ಲಿ ಲಕ್ಷ್ಮೀ ಹೆಬ್ಬೆಟ್ಟು ಒತ್ತಿದಳಂತೆ.

ಅಕ್ಕ ಗುಣವಾಗಿ ಬಂದು ಎಂಟು ತಿಂಗಳಾಯಿತು. ಒಂದು ಸಲವೂ ವಾಸನೆ ಬಂದಿಲ್ಲ, ಬಾಯಿ ಆಡಿಲ್ಲ. ಭಟ್ಟಿಯ ಕಡೆ ಬರುವುದಿಲ್ಲ. ಲಕ್ಷ್ಮೀಯ ಜೊತೆ ಸೇರಿ ಮನೆಯಲ್ಲೇ ಹಪ್ಪಳ ಮಾಡುತ್ತಾಳೆ. ಬೆಂಕಿ ತಗ್ಗಿಸಿಡು ಎಂದು ಎರ್ರಿಯಪ್ಪನಿಗೆ ಹೇಳಿದ್ದೇನೆ, ಮಂಡಕ್ಕಿ ಮೊದಲಿನಷ್ಟೇ ಬೆಳ್ಳಗೆ ಬರುತ್ತಿದೆ. ಅದೂ ನನಗೆ ನಾಚಿಕೆಯೇ.

ಮೊನ್ನೆ ಲಕ್ಷ್ಮೀ ಮಾತಿಗೆ ಮಾತು ಬಂದು, ಒಳಗೆ ಅಕ್ಕ ಎರಡು ಗಂಟೆ ಹೊತ್ತು ಬಿಡದೆ ಮಾತಾಡಿದಳಂತೆ, ಇಷ್ಟು ಚೆನ್ನಾಗಿ ಮಾತಾಡಿದವರನ್ನು ನಾವು ಕಂಡಿಲ್ಲ ಎಂದು ಅಲ್ಲಿನ ಡಾಕ್ಟರುಗಳೇ ಹೊರಗೆ ಬಂದು ಹೇಳಿದರು ಎಂದಳು. ನಮ್ಮ ಮನೆಯಲ್ಲಿ ಅಕ್ಕ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಿದ್ದು ನನಗೆ ನೆನಪಿಲ್ಲ. ಅಷ್ಟು ಹೊತ್ತು ಏನು ಮಾತಾಡಿದೆ ಅಕ್ಕ ಎಂದು ಕೇಳಿದೆ.

"ಅದು ನಿನಗ ಹೇಳೂದಲ್ಲ ಬಿಡು" ಎಂದು ಅವಳು ಹಿಟ್ಟು ಮಿದಿಯುವುದನ್ನು ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾ ಆಗಿದೆ, ಒಳಗೆ ಹೋಗಿ ಕುಡಿ ಎಂದಳು. ನಾನು ಹೋಗಿ ಕುಡಿದೆ.